ಲೈನ್ ಕಟ್ಟಾದಾಗ ಶಾಲೆಯ ಲ್ಯಾಬ್: ಮೊದಲು ಡಿಎನ್ಎಸ್, ಆಮೇಲೆ ಕ್ಯಾಶ್

ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಜೆಸಿಬಿ ನೆಲ ಅಗೆದು ಫೈಬರ್ ತುಂಡಾದರೆ ಲೈನ್ ಬರುವ ತನಕ ಲ್ಯಾಬ್ ಸುಮ್ಮನೆ ಕೂರಬೇಕಾಗಿಲ್ಲ. ಸರ್ವರ್‌ನಲ್ಲಿರುವ ಪಾಠ ಮಕ್ಕಳಿಗೆ ಸಿಗಲೇಬೇಕು. ಸಿಗದಿದ್ದಾಗ ಎಲ್ಲರೂ ಮೊದಲು ಸ್ಕ್ವಿಡ್ ಕ್ಯಾಶ್ (ಒಮ್ಮೆ ತೆರೆದ ಪುಟಗಳ ಪ್ರತಿಯನ್ನು ಸ್ಕ್ವಿಡ್ ಎಂಬ ತಂತ್ರಾಂಶ ಉಳಿಸಿಡುವ ಜಾಗ) ಬಿಚ್ಚುತ್ತಾರೆ. ಅದಕ್ಕೂ ಮುಂಚೆ ಡಿಎನ್ಎಸ್ ನೋಡಿ: ತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ವ್ಯವಸ್ಥೆ ಅದು.

ಸರ್ವರ್‌ನ ವಿಳಾಸ 192.168.10.1, ಶಾಲೆಯೊಳಗೆ ಅದರ ಹೆಸರು ಪಾಠ.ಲ್ಯಾನ್, ಅದರಲ್ಲಿ ಉಬುಂಟು, ಸ್ಕ್ವಿಡ್, ಡಿಎನ್ಎಸ್‌ಮಾಸ್ಕ್ (ಶಾಲೆಯೊಳಗೇ ಡಿಎನ್ಎಸ್ ಉತ್ತರ ಕೊಡುವ ತಂತ್ರಾಂಶ) ಇವೆ ಎಂದಿಟ್ಟುಕೊಳ್ಳಿ. (ಆಜ್ಞೆ, ಸೆಟ್ಟಿಂಗ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.)

ಮಕ್ಕಳ ಕಂಪ್ಯೂಟರಿನಿಂದ ಸರ್ವರ್‌ಗೆ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಆಜ್ಞೆ) ಮಾಡಿ. ಉತ್ತರ ಬರದಿದ್ದರೆ ಸ್ವಿಚ್, ಕೇಬಲ್ ನೋಡಿ. ಬಂದರೆ ‘ಎನ್ಎಸ್‌ಲುಕಪ್ ಪಾಠ.ಲ್ಯಾನ್ 192.168.10.1’ ಕೊಟ್ಟು ಆ ಹೆಸರಿನ ವಿಳಾಸ ಕೇಳಿ, ಆಮೇಲೆ ಕೊನೆಯ ವಿಳಾಸ ಬಿಟ್ಟು ಇನ್ನೊಮ್ಮೆ ಕೊಡಿ. ಮೊದಲನೆಯದು ಸರಿಯಾಗಿ, ಎರಡನೆಯದು ಕೈಕೊಟ್ಟರೆ ಆ ಕಂಪ್ಯೂಟರ್ ಬೇರೆ ಡಿಎನ್ಎಸ್ ಕೇಳುತ್ತಿದೆ. ಯಾರೋ 8.8.8.8 (ಗೂಗಲ್‌ನ ಡಿಎನ್ಎಸ್) ತುಂಬಿರುತ್ತಾರೆ, ಇಲ್ಲವೇ ರೂಟರ್ ತಾನೇ ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ಐಪಿ, ಡಿಎನ್ಎಸ್ ವಿಳಾಸ ಕೊಡುವ ವ್ಯವಸ್ಥೆ) ನಡೆಸುತ್ತಿರುತ್ತದೆ. ಡಿಎಚ್‌ಸಿಪಿಯಲ್ಲಿ ಡಿಎನ್ಎಸ್ ಆಗಿ 192.168.10.1 ಒಂದೇ ಇರಲಿ. ಎರಡನೆಯದಾಗಿ ಹೊರಗಿನ ವಿಳಾಸ ಕೊಡಬೇಡಿ: ಶಾಲೆಯೊಳಗಿನ ಹೆಸರು ಅದಕ್ಕೆ ಗೊತ್ತೇ ಇರುವುದಿಲ್ಲ.

ಎರಡೂ ವಿಫಲವಾದರೆ ಡಿಎನ್ಎಸ್‌ಮಾಸ್ಕ್ ಓಡುತ್ತಿಲ್ಲ, ಅಥವಾ ‘ಅಡ್ರೆಸ್=/ಪಾಠ.ಲ್ಯಾನ್/192.168.10.1’ ಸಾಲು ಇಲ್ಲ. ಉಬುಂಟುವಿನಲ್ಲಿ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂಬ ಅದರದೇ ಡಿಎನ್ಎಸ್ ಸೇವೆ, ಡಿಎನ್ಎಸ್ ಬಳಸುವ 53ನೇ ಪೋರ್ಟ್ ಹಿಡಿದು ಕೂತಿರುವುದರಿಂದ ಡಿಎನ್ಎಸ್‌ಮಾಸ್ಕ್ ಶುರುವಾಗದೇ ಇರಬಹುದು. ರಿಸಾಲ್ವ್ಡ್‌ನ ಸ್ಟಬ್ ಲಿಸನರ್ (ಆ ಪೋರ್ಟ್ ಹಿಡಿಯುವ ಭಾಗ) ಆಫ್ ಮಾಡಿ. ಹೆಸರಿನ ಕೊನೆಗೆ ‘ಲೋಕಲ್’ ಬೇಡ, ಅದು ಎಂಡಿಎನ್ಎಸ್‌ಗೆ (ಸರ್ವರ್ ಇಲ್ಲದೆ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಹೆಸರು ಹುಡುಕುವ ವಿಧಾನ) ಮೀಸಲು.

ಹೆಚ್ಚು ಜನ ಎಡವುವುದು ಇಲ್ಲಿ. ಬ್ರೌಸರ್‌ನಲ್ಲಿ ಪ್ರಾಕ್ಸಿ ಹಾಕಿದ್ದರೆ, ಅಂದರೆ ಪುಟಗಳನ್ನು ಸ್ಕ್ವಿಡ್ ಮೂಲಕವೇ ತರಿಸುತ್ತಿದ್ದರೆ (ಪೋರ್ಟ್ 3128), ಹೆಸರು ಹುಡುಕುವುದು ಕಂಪ್ಯೂಟರ್ ಅಲ್ಲ, ಸ್ಕ್ವಿಡ್. ಹಾಗಾಗಿ ಎನ್ಎಸ್‌ಲುಕಪ್ ಸರಿ ಬಂದರೂ ಪುಟ ತೆರೆಯದಿರಬಹುದು. ಸ್ಕ್ವಿಡ್‌ನ ಸೆಟ್ಟಿಂಗ್ ಫೈಲಾದ ಸ್ಕ್ವಿಡ್ ಕಾನ್ಫ್‌ನಲ್ಲಿ ‘ಡಿಎನ್ಎಸ್_ನೇಮ್‌ಸರ್ವರ್ಸ್ 127.0.0.1’ ಹಾಕಿ, ಬ್ರೌಸರ್‌ನ ಪ್ರಾಕ್ಸಿ ವಿನಾಯಿತಿಯಲ್ಲಿ ಪಾಠ.ಲ್ಯಾನ್ ಸೇರಿಸಿ. ಇನ್ನೊಂದು ಕಾಟ: ಫೈಬರ್ ಹೋದರೂ ರೂಟರ್ ಆನ್ ಆಗಿಯೇ ಇರುತ್ತದೆ, ಡಿಎನ್ಎಸ್ ಪ್ರಶ್ನೆಗಳು ಹೊರಟು ಉತ್ತರವಿಲ್ಲದೆ ಕಳೆದುಹೋಗುತ್ತವೆ. ‘ಡಿಎಸ್‌ಟಿ’ ಬಗೆಯ ಎಸಿಎಲ್ (ತಾಣದ ಐಪಿ ನೋಡಿ ಬಿಡುವ, ತಡೆಯುವ ನಿಯಮ) ಇದ್ದರೆ, ಪುಟ ಕ್ಯಾಶ್‌ನಲ್ಲೇ ಇದ್ದರೂ ಸ್ಕ್ವಿಡ್ ಮೊದಲು ಐಪಿ ಹುಡುಕಿ 30 ಸೆಕೆಂಡ್ ತನಕ ಕಾಯುತ್ತದೆ. ‘ಡಿಎನ್ಎಸ್_ಟೈಮ್‌ಔಟ್ 5 ಸೆಕೆಂಡ್ಸ್’ ಮಾಡಿ.

ಈಗ ಕ್ಯಾಶ್. ಡಿಸ್ಕ್‌ನಲ್ಲಿ ಕ್ಯಾಶ್ ಎಲ್ಲಿರಬೇಕೆಂದು ಹೇಳುವ ‘ಕ್ಯಾಶ್_ಡಿರ್’ ಸಾಲು ಹಾಕದಿದ್ದರೆ ಎಲ್ಲವೂ 256 ಎಂಬಿ ಮೆಮೊರಿಯಲ್ಲಷ್ಟೇ ಇರುತ್ತದೆ, ಕರೆಂಟ್ ಹೋದರೆ ಖಾಲಿ. 10,000 ಎಂಬಿ ಡಿಸ್ಕ್ ಕೊಟ್ಟು, ಸ್ಕ್ವಿಡ್ ನಿಲ್ಲಿಸಿ, ಕ್ಯಾಶ್ ಫೋಲ್ಡರ್ ಸಿದ್ಧಪಡಿಸುವ ‘ಸ್ಕ್ವಿಡ್ -ಝಡ್’ ಓಡಿಸಿ, ಮತ್ತೆ ಶುರು ಮಾಡಿ. ಡಿಸ್ಕ್‌ನಲ್ಲಿಡುವ ಒಂದು ಫೈಲಿನ ಮಿತಿ 4 ಎಂಬಿ ಇರುತ್ತದೆ, ಪಠ್ಯಪುಸ್ತಕದ ಪಿಡಿಎಫ್‌ಗೆ ಸಾಲದು. ‘ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್’ 100 ಎಂಬಿಗೆ ಏರಿಸಿ, ಆ ಸಾಲು ಕ್ಯಾಶ್_ಡಿರ್‌ಗಿಂತ ಮೇಲಿರಲಿ. ಲೈನ್ ಇಲ್ಲದಾಗ ‘ಆಫ್‌ಲೈನ್_ಮೋಡ್ ಆನ್’; ಬಂದ ಮೇಲೆ ಮರೆಯದೆ ಆಫ್ ಮಾಡಿ, ಇಲ್ಲದಿದ್ದರೆ ಹಳೆಯ ಪುಟವೇ ಬರುತ್ತಿರುತ್ತದೆ.

ಸ್ಕ್ವಿಡ್‌ನ ಆಕ್ಸೆಸ್ ಲಾಗ್‌ನಲ್ಲಿ ‘ಕನೆಕ್ಟ್’, ‘ಟಿಸಿಪಿ_ಟನಲ್’ ಕಂಡರೆ ಅದು ಎಚ್‌ಟಿಟಿಪಿಎಸ್, ಅಂದರೆ ಎನ್‌ಕ್ರಿಪ್ಟ್ ಆದ ಸಂಪರ್ಕ. ಸ್ಕ್ವಿಡ್‌ಗೆ ಒಳಗಿರುವುದು ಕಾಣದು, ಹಾಗಾಗಿ ಉಳಿಸಿಕೊಳ್ಳುವುದೂ ಇಲ್ಲ. ಇಂದಿನ ಬಹುಪಾಲು ತಾಣಗಳು ಹೀಗೇ. ಎನ್‌ಕ್ರಿಪ್ಷನ್ ಒಡೆದು ನೋಡುವ ದಾರಿ ಇದೆ, ಆದರೆ ಮಕ್ಕಳ ಪಾಸ್‌ವರ್ಡ್ ಹಾದುಹೋಗುವ ಜಾಗದಲ್ಲಿ ಅದು ಸಲ್ಲದು. ಅದರ ಬದಲು ಕನ್ನಡ ವಿಕಿಪೀಡಿಯದ ಝಿಮ್ ಫೈಲ್ (ಇಡೀ ತಾಣವನ್ನು ಒಂದೇ ಕಡತದಲ್ಲಿ ಕಟ್ಟಿಟ್ಟದ್ದು) ಲೈನ್ ಇರುವಾಗಲೇ ಇಳಿಸಿ, ಅದನ್ನು ತೆರೆಯುವ ಕಿವಿಕ್ಸ್ ತಂತ್ರಾಂಶದಲ್ಲಿ 8080 ಪೋರ್ಟ್‌ನಿಂದ ಬಡಿಸಿ. ಪಾಠ.ಲ್ಯಾನ್:8080 ಎಂದು ತೆರೆದರೆ ಇಂಟರ್ನೆಟ್ ಬೇಕೇ ಆಗದು.

ಸರ್ವರ್ ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟಗಲದ ಪುಟ್ಟ ಕಂಪ್ಯೂಟರ್) ಆಗಿದ್ದರೆ ಗಡಿಯಾರವನ್ನೂ ನೋಡಿ. ಅದರಲ್ಲಿ ಆರ್‌ಟಿಸಿ, ಅಂದರೆ ಕರೆಂಟ್ ಇಲ್ಲದಾಗಲೂ ಬ್ಯಾಟರಿಯಲ್ಲಿ ಓಡುವ ಗಡಿಯಾರ, ಇಲ್ಲ. ಕರೆಂಟ್ ಹೋಗಿ ಬಂದು, ಲೈನ್ ಇಲ್ಲದಿದ್ದರೆ ಸಮಯ ಹಿಂದೆ ಉಳಿಯುತ್ತದೆ, ಕ್ಯಾಶ್‌ನ ವಯಸ್ಸಿನ ಲೆಕ್ಕ, ಲಾಗ್ ಎರಡೂ ಕೆಡುತ್ತವೆ. ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿ, ಕರೆಂಟ್ ತೆಗೆದು ಹಾಕಿದ ಮೇಲೂ ಅದರ ಬ್ಯಾಟರಿ ಸಮಯ ಉಳಿಸಿಕೊಂಡಿದೆಯೇ ಎಂದು ‘ಎಚ್‌ಡಬ್ಲ್ಯೂಕ್ಲಾಕ್’ ಆಜ್ಞೆ ಕೊಟ್ಟು ಪರೀಕ್ಷಿಸಿ.