ಮೊದಲು ಕಾವು, ಆಮೇಲೆ ಹಾಲು

ಮಳೆ ಹಿಡಿದರೆ ಸಾಕು, ಚರಂಡಿ ಪಕ್ಕ, ನಿಂತ ಕಾರಿನಡಿ, ತೆಂಗಿನ ಗರಿಯ ರಾಶಿಯಲ್ಲಿ ಕಣ್ಣು ಕೂಡ ಬಿಡದ ಬೆಕ್ಕಿನ ಮರಿ ಸಿಗುತ್ತದೆ. ಮೈ ಬೆಚ್ಚಗಿದ್ದು ಸುಮ್ಮನೆ ಮಲಗಿದ್ದರೆ ಮುಟ್ಟಬೇಡಿ, ತಾಯಿ ಆಹಾರ ಹುಡುಕಿ ಹೋಗಿರುತ್ತದೆ. ದೂರದಲ್ಲಿ ನಿಂತು ಕೆಲವು ಗಂಟೆ ನೋಡಿ. ನೆಂದು ತಣ್ಣಗಾಗಿದ್ದರೆ, ಕೂಗಲೂ ತ್ರಾಣವಿಲ್ಲದಿದ್ದರೆ ಕಾಯಬೇಡಿ, ಎತ್ತಿಕೊಳ್ಳಿ.

ಮನೆಗೆ ತಂದವರ ಕೈ ಮೊದಲು ಹೋಗುವುದು ಹಾಲಿನ ಪಾತ್ರೆಗೆ. ನಾನೂ ಹಾಗೇ ಮಾಡಿದ್ದೆ. ತಣ್ಣಗಿದ್ದ ಮರಿಗೆ ಇಂಕ್ ಫಿಲ್ಲರ್‌ನಲ್ಲಿ ಹಸುವಿನ ಹಾಲು ಹಾಕಿ, ಹೊಟ್ಟೆ ತುಂಬಿತಲ್ಲ ಎಂದು ಮಲಗಿದೆ. ಬೆಳಗ್ಗೆ ನೋಡಿದರೆ ಸೆಟೆದುಕೊಂಡಿತ್ತು.

ಮೊದಲ ವಾರದ ಮರಿಗೆ ನಡುಗುವುದೂ ಗೊತ್ತಿಲ್ಲ, ಮೈಕಾವು ತಾಯಿಯಿಂದಲೇ ಬರಬೇಕು. ಆ ವಯಸ್ಸಿನಲ್ಲಿ ಸಹಜ ಉಷ್ಣತೆ ಸುಮಾರು 35ರಿಂದ 37 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಇಳಿದರೆ ಕರುಳು ಕೆಲಸ ನಿಲ್ಲಿಸುತ್ತದೆ. ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ನಿಂತು ಮೇಲೆ ಬರುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಥರ್ಮಾಮೀಟರ್ ಇಲ್ಲದಿದ್ದರೆ ಕಿರುಬೆರಳನ್ನು ಬಾಯೊಳಗೆ ಇಟ್ಟು ನೋಡಿ. ಒಳಗೂ ತಣ್ಣಗಿದ್ದರೆ ಹಾಲು ಬೇಡವೇ ಬೇಡ.

ಒದ್ದೆ ಮೈ ಒರೆಸಿ. ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಪಂಚೆ ಹಾಸಿ, ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಮರಿ ತೆವಳಿ ಈಚೆ ಬರಲು ಇನ್ನರ್ಧ ಜಾಗ ಬೇಕು. ಕಾವು ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಏರಲಿ. ಒಲೆ ಮುಂದೆ ಹಿಡಿಯುವುದು, ಹೇರ್ ಡ್ರೈಯರ್ ಮೈಮೇಲೇ ಬಿಡುವುದು ಬೇಡ. ಈ ಹೊತ್ತಿನಲ್ಲಿ ಕೊಡಬಹುದಾದದ್ದು ಒಂದೇ: ಗ್ಲೂಕೋಸ್ ನೀರಿನ ಒಂದು ಹನಿ, ಅದೂ ವಸಡಿಗೆ ಸವರಬೇಕು, ಗಂಟಲಿಗೆ ಸುರಿಯಬಾರದು.

ಸವರುವಾಗಲೇ ವಸಡಿನ ಬಣ್ಣ ನೋಡಿಕೊಳ್ಳಿ. ಬಿಳಿಚಿದ್ದರೆ ಚಿಗಟ ರಕ್ತ ಹೀರಿರಬಹುದು. ನೂರು ಗ್ರಾಂ ಮರಿಗೆ ಅಷ್ಟು ರಕ್ತ ಹೋದರೆ ಸಾವೇ, ಅವತ್ತೇ ವೈದ್ಯರ ಬಳಿ ಓಡಿ. ಚಿಗಟವನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯಿರಿ. ನಾಯಿಯ ಉಣುಗಿಗೆ ತಂದಿಟ್ಟ ಔಷಧಿಯಲ್ಲಿ ಪರ್ಮೆಥ್ರಿನ್ ಇರಬಹುದು, ಬೆಕ್ಕಿಗೆ ಅದು ವಿಷ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಡುವವರಿದ್ದಾರೆ, ಅದೂ ಕೊಲ್ಲುತ್ತದೆ.

ಮೈ ಬೆಚ್ಚಗಾಯಿತೇ? ಈಗ ಹಾಲು. ಬೆಕ್ಕಿನ ಮರಿಗಳಿಗೆಂದೇ ಬರುವ ಹಾಲಿನ ಪುಡಿ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ದುಬಾರಿಯಾದರೂ ಅದೇ ತನ್ನಿ. ಹಸುವಿನ ಹಾಲಿನಲ್ಲಿ ಮರಿಗೆ ಸಾಲುವಷ್ಟು ಪ್ರೋಟೀನ್, ಕೊಬ್ಬು ಇಲ್ಲ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಮಾತ್ರ ಜಾಸ್ತಿ. ಹೊಟ್ಟೆ ಕೆಟ್ಟು ಭೇದಿಯಾದರೆ ಇದ್ದ ನೀರಂಶವೂ ಹೋಯಿತು. ಬೆರಳ ತುದಿ ಬಾಯಿಗಿಟ್ಟಾಗ ಚೀಪಿದರೆ ಮಾತ್ರ ಕುಡಿಸಿ. ಚೀಪದ ಮರಿಗೆ ವೈದ್ಯರೇ ನಳಿಕೆಯಲ್ಲಿ ಉಣಿಸಬೇಕು. ಮಗುವಿನಂತೆ ಅಂಗಾತ ಮಲಗಿಸಬೇಡಿ, ತಾಯಿ ಹತ್ತಿರ ಇರುವ ಹಾಗೆ ಹೊಟ್ಟೆಯ ಮೇಲೇ ಮಲಗಿರಲಿ. ನೂರು ಗ್ರಾಂ ತೂಕಕ್ಕೆ ಒಂದು ಹೊತ್ತಿಗೆ ಹೆಚ್ಚೆಂದರೆ 4 ಮಿಲಿಲೀಟರ್, 2–3 ಗಂಟೆಗೊಮ್ಮೆ, ರಾತ್ರಿಯೂ ಅಷ್ಟೇ. ಮೂಗಿನಲ್ಲಿ ಹಾಲು ಕಂಡರೆ ತಕ್ಷಣ ನಿಲ್ಲಿಸಿ.

ಸುಮಾರು ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತದೆ. ಆ ಕೆಲಸವೂ ನಿಮ್ಮದೇ: ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಿ. ಉಚ್ಚೆಯ ಬಣ್ಣ ತಿಳಿಯಾಗಿದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲದು ಎಂದರ್ಥ.

ನೆಗಡಿಯಲ್ಲಿ ಅಂಟಿದ ಕಣ್ಣು, ಕಟ್ಟಿದ ಮೂಗನ್ನು ಸಲೈನ್ ಹತ್ತಿಯಲ್ಲಿ ಒರೆಸುತ್ತಿರಿ. ವಾಸನೆ ತಿಳಿಯದ ಬೆಕ್ಕು ಉಣ್ಣುವುದಿಲ್ಲ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಹೊಸ ಮರಿ ಎರಡು ವಾರ ಬೇರೆ ಕೋಣೆಯಲ್ಲಿರಲಿ. ವಾಂತಿ, ಭೇದಿ ತರುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ಬೆಕ್ಕಿನ ಕಾಯಿಲೆಯ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಫಿನಾಯಿಲ್ ಬೆಕ್ಕಿಗೂ ಅಪಾಯ.

ಒಂದು ಖರ್ಚು ಮಾತ್ರ ತಪ್ಪಿಸಬೇಡಿ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಕಣ್ಣಿಗೆ ಕಾಣದ ಕಾಯಿಲೆ ತಕ್ಕಡಿಗೆ ಮೊದಲು ಕಾಣುತ್ತದೆ. ಒಂದು ದಿನ ಏರದಿದ್ದರೆ ವೈದ್ಯರಿಗೆ ಫೋನ್ ಮಾಡಿ, ಇಳಿದರೆ ಹೊರಟೇಬಿಡಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ದಾರಿಯಲ್ಲೂ ಬಿಸಿನೀರಿನ ಬಾಟಲಿ ಪೆಟ್ಟಿಗೆಯಲ್ಲೇ ಇರಲಿ.

ಎರಡನೇ ಸಲ ನನಗೆ ಸಿಕ್ಕ ಮರಿ 92 ಗ್ರಾಂ ಇತ್ತು. ಮರುದಿನ 91. ಡಾಕ್ಟರು ಚರ್ಮದಡಿ ನೀರು ಕೊಟ್ಟು, ನಳಿಕೆ ಹಾಕಿ ಉಣಿಸಿ ಕಳಿಸಿದರು. ಮೂರನೇ ದಿನವೂ 91. ನಾಲ್ಕನೇ ಬೆಳಗ್ಗೆ ತಕ್ಕಡಿಯ ಮೇಲೆ ಒಂದು ಕಡೆ ನಿಲ್ಲದೆ ತೆವಳುತ್ತಿತ್ತು, ಅಂಕಿ ನಿಲ್ಲಲು ಬಿಡಲೇ ಇಲ್ಲ. ಕೊನೆಗೆ ಸ್ಟೀಲ್ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಯ ತೂಕ ಕಳೆದು ಬರೆದುಕೊಂಡೆ: 99.