ಹಲಸಿನ ಮರದ ಬುಡದಲ್ಲಿ ಗೌರಿ ಹೂ

ಗೌರಿ ಹಬ್ಬದ ಹಿಂದಿನ ಸಂಜೆ ನಮಗೆ ಮಕ್ಕಳಿಗೆ ಒಂದೇ ಕೆಲಸ. ಸೊಪ್ಪಿನ ಬೆಟ್ಟದ ಅಂಚಿಗೆ ಹೋಗಿ ಗೌರಿ ಹೂ ತರುವುದು. ಶಿರಸಿ ಕಡೆಯ ನಮ್ಮ ಮನೆಯಲ್ಲಿ ಆ ಹೂವಿಲ್ಲದೆ ಅಮ್ಮ ಗೌರಿ ಪೂಜೆ ಮಾಡಿದ್ದು ನಾನು ನೋಡಿಲ್ಲ. ಈಗ ಸುತ್ತಲೂ ಹಸಿರು ಬೇಲಿ ತೆಗೆದು ತಂತಿ ಎಳೆದಿದ್ದಾರೆ. ಬೇಲಿಯ ಜೊತೆ ಬಳ್ಳಿಯೂ ಹೋಯಿತು. ಅದಕ್ಕೇ ಮನೆ ಹಿಂದಿನ ಹಲಸಿನ ಮರದ ಬುಡದಲ್ಲಿ ನಾನೇ ಬೆಳೆಸುತ್ತಿದ್ದೇನೆ. ಅಗ್ನಿಶಿಖೆ ಅಂತಲೂ ಇದನ್ನು ಕರೆಯುತ್ತಾರೆ. ತಮಿಳುನಾಡಿನ ರಾಜ್ಯ ಹೂವೂ ಇದೇ.

ಈ ಬಳ್ಳಿಗೆ ಬುಡ ತಂಪಾಗಿರಬೇಕು, ತಲೆಗೆ ಬೆಳಕು ಸಿಗಬೇಕು. ಕಾಡಿನ ಅಂಚಲ್ಲಿ ಅದು ಬದುಕುವುದೇ ಹಾಗೆ. ಪೊದೆಯ ಒಳಗೆ ಮೊಳೆತು, ಅದೇ ಪೊದೆ ಹಿಡಿದು ಮೇಲೆ ಬರುತ್ತದೆ. ದಟ್ಟ ನೆರಳಲ್ಲಿ ಎಲೆ ಬರುತ್ತದೆ, ಹೂ ಬರುವುದು ಕಷ್ಟ. ನಾನು ಮರದ ಪೂರ್ವ ಬದಿ ಆರಿಸಿದೆ. ಅಲ್ಲಿ ಹತ್ತು ಗಂಟೆವರೆಗೆ ಎಳೆಬಿಸಿಲು, ಆಮೇಲೆ ನೆರಳು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ನಮ್ಮ ಮಳೆಗೆ ಸಮತಟ್ಟು ನೆಲ ಸಾಲದು. ಹಾಗಾಗಿ ಒಂದು ಗೇಣು ಮಣ್ಣು ಏರಿಸಿ, ಮರಳು ಮತ್ತು ಕೊಳೆತ ತರಗೆಲೆ ಬೆರೆಸಿದ್ದೇನೆ.

ಗೆಡ್ಡೆಯ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಅದು ನೇಗಿಲಿನ ಹಾಗೆ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಅನ್ನುವ ಹೆಸರು ಇರುವುದೂ ಅದಕ್ಕೇ. ಎರಡು ಕವಲು, ಒಂದೊಂದು ಕವಲಿನ ತುದಿಗೆ ಒಂದೇ ಕಣ್ಣು. ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿಲ್ಲ. ಬೇಲಿ ಕಡಿಯುವಾಗ ಸಿಕ್ಕಿದ ಮೊದಲ ಗೆಡ್ಡೆಯನ್ನು ನಾನು ಗುದ್ದಲಿ ಹಾಕಿ ಎಬ್ಬಿಸಿದ್ದೆ. ಎರಡೂ ತುದಿ ಮುರಿದಿದ್ದವು, ಗಮನಿಸದೆ ನೆಟ್ಟೆ. ಆಷಾಢ ಮುಗಿಯುವವರೆಗೂ ದಿನಾ ಬೆಳಿಗ್ಗೆ ಹೋಗಿ ನೋಡಿದೆ. ಏನೂ ಬರಲಿಲ್ಲ. ಈಗ ಬೆರಳಲ್ಲೇ ಮಣ್ಣು ಬಿಡಿಸುತ್ತೇನೆ. 50-60 ಗ್ರಾಂ ತೂಕದ ಗೆಡ್ಡೆಯಾದರೆ ಒಳ್ಳೆಯದು. ತೀರಾ ಚಿಕ್ಕದಾದರೆ ಆ ವರ್ಷ ಬರೀ ಎಲೆ. ರೋಹಿಣಿ ಮಳೆ ಹಿಡಿಯುವ ಮೊದಲು ಮೂರು ನಾಲ್ಕು ಬೆರಳು ಆಳದಲ್ಲಿ ಅಡ್ಡ ಮಲಗಿಸಿ ಮಣ್ಣು ಮುಚ್ಚಿ. ಮೇಲೆ ತರಗೆಲೆ ಹರವಿ.

ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ದಪ್ಪ ಕಂಬ ಅದರ ಹಿಡಿತಕ್ಕೆ ಸಿಗುವುದಿಲ್ಲ. ಪೆನ್ಸಿಲಿಗಿಂತ ತೆಳುವಾದ ಕಡ್ಡಿಗಳನ್ನು ಚುಚ್ಚಿ, ಇಲ್ಲವೇ ದಾಸವಾಳದ ಪಕ್ಕ ನೆಡಿ. ಕಪ್ಪು ಮೈಮೇಲೆ ಕೆಂಪು, ಬಿಳಿ ಚುಕ್ಕೆಯ ಕಂಬಳಿಹುಳದಂಥ ಹುಳು ಬಂದರೆ ಎರಡೇ ದಿನದಲ್ಲಿ ಬಳ್ಳಿ ಬೋಳು. ಬೆಳಿಗ್ಗೆ ಕಡ್ಡಿಯಿಂದ ಆರಿಸಿ ತೆಗೆಯಿರಿ.

ಒಂದು ಮಾತು ಮರೆಯಬೇಡಿ. ಇಡೀ ಬಳ್ಳಿ ವಿಷ. ಅದರಲ್ಲಿರುವ ಕಾಲ್ಚಿಸಿನ್ ಜೀವಕ್ಕೇ ಅಪಾಯ. ಗೆಡ್ಡೆಯನ್ನು ಗೆಣಸು ಅಂದುಕೊಂಡು ತಿಂದವರಿದ್ದಾರೆ. ತರಕಾರಿ ಮಡಿಯ ಹತ್ತಿರ ನೆಡಲೇಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳು, ದನಕರು ಅತ್ತ ಹೋಗದ ಹಾಗೆ ನೋಡಿಕೊಳ್ಳಿ.

ಹೂ ಅರಳುವಾಗ ಹಸಿರು ಹಳದಿ. ಎಸಳುಗಳು ದಿನದಿಂದ ದಿನಕ್ಕೆ ಹಿಂದಕ್ಕೆ ಮಡಚಿಕೊಂಡು ಕೆಂಪಾಗುತ್ತವೆ. ಒಂದೇ ಬಳ್ಳಿಯಲ್ಲಿ ಮೂರು ಬಣ್ಣ ಒಟ್ಟಿಗೆ ಕಂಡಾಗ ನನಗೆ ಈಗಲೂ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ. ಪೂಜೆಗೆ ನಾಲ್ಕೈದು ಕೊಯ್ದು ಉಳಿದದ್ದನ್ನು ಬಿಡುತ್ತೇನೆ, ಬೀಜ ಬೇಕಲ್ವಾ.

ಔಷಧಿಗೆಂದು ಅಗೆದು ಅಗೆದು ಕಾಡಿನಲ್ಲಿ ಇದು ಕಡಿಮೆಯಾಗಿದೆ. ದಯವಿಟ್ಟು ಅಲ್ಲಿಂದ ಗೆಡ್ಡೆ ಕೀಳಬೇಡಿ. ಕಾಯಿ ಬಿರಿದಾಗ ಕಾಣುವ ಕೆಂಪು ಬೀಜ ನಾಲ್ಕು ತಂದರೆ ಸಾಕು. ಹೂ ನೋಡಲು ಮೂರು ನಾಲ್ಕು ವರ್ಷ ಬೇಕು.

ದೀಪಾವಳಿ ಕಳೆದ ಮೇಲೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಸತ್ತಿತು ಅಂತ ನೀರು ಹಾಕಬೇಡಿ, ಅಗೆಯಲೂ ಬೇಡಿ. ನಾನು ಆ ಜಾಗಕ್ಕೆ ಒಂದು ಬಿದಿರು ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇನೆ. ಬೇಸಿಗೆಯಲ್ಲಿ ತೋಟಕ್ಕೆ ಕೆಲಸದವರು ಬಂದರೆ ಮೊದಲು ತೋರಿಸುವುದು ಅದನ್ನೇ.