ಅಂತಿಯೋಕ್ಯದ ಪಂಕ್ತಿಭೇದ

ನಮ್ಮ ಸಭೆಯಲ್ಲಿ ಗುರುವಾರ ಸಂಜೆಯ ಸತ್ಯವೇದ ಅಧ್ಯಯನ ನಡೆಸುವುದು ನನ್ನ ಪಾಲಿನ ಕೆಲಸ. ಆದಿ ಸಭೆಯ ಬೋಧಕ ಪೌಲ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ, 11ರಿಂದ 14ನೇ ವಚನದವರೆಗೆ, ಎರಡು ಸಲ ಪಾಠ ಮಾಡಿದ್ದೇನೆ. ಮೊದಲ ಸಲ ಕೃಪೆ, ಧರ್ಮಶಾಸ್ತ್ರ ಅಂತೆಲ್ಲ ವಿವರಿಸಿದೆ. ಜನ ತಲೆಯಾಡಿಸಿ ಮನೆಗೆ ಹೋದರು. ಎರಡನೇ ಸಲ ಊಟದಿಂದ ಶುರು ಮಾಡಿದೆ.

ಅಲ್ಲಿ ಜಗಳ ಆಗಿದ್ದೇ ಊಟದ ವಿಷಯಕ್ಕೆ. ಅಂತಿಯೋಕ್ಯ ಅಂದರೆ ಇವತ್ತಿನ ಟರ್ಕಿಯ ಅಂತಾಕ್ಯ. ಶಿಷ್ಯರಿಗೆ ಕ್ರೈಸ್ತರು ಅನ್ನೋ ಹೆಸರು ಮೊದಲು ಬಿದ್ದದ್ದು ಆ ಊರಲ್ಲೇ. ಯೆಹೂದ್ಯರೂ, ಯೆಹೂದ್ಯರಲ್ಲದ ಅನ್ಯಜನರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರ ಜೊತೆ ಉಂಡ. ಆಮೇಲೆ ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದು ಬೇರೆಯಾದ. ನಮ್ಮ ಭಾಷೆಯಲ್ಲಿ ಇದಕ್ಕೆ ಪಂಕ್ತಿಭೇದ ಅಂತ ಹೆಸರೇ ಇದೆ. ಆ ಮಾತು ಬಾಯಿಂದ ಬಂದ ಕೂಡಲೇ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಪೇತ್ರನಿಗೆ ತಿಳಿದಿರಲಿಲ್ಲ ಅನ್ನೋ ಹಾಗಿಲ್ಲ. ಯಾರನ್ನೂ ಅಶುದ್ಧ ಅನ್ನಬಾರದು ಅಂತ ಯೊಪ್ಪ ಊರಿನ ಮಾಳಿಗೆಯ ಮೇಲೆ ದರ್ಶನ ಕಂಡವನು, ಅನ್ಯಜನನಾದ ಕೊರ್ನೇಲ್ಯನ ಮನೆಗೆ ಹೋದವನು ಅವನೇ. ಅದಕ್ಕೇ ಪೌಲ ಪೇತ್ರನನ್ನು ಎದುರಿಸಿದ, ಪತ್ರದಲ್ಲಿ ಇದನ್ನು ಕಪಟ ಅಂದ. ಗ್ರೀಕ್‌ನಲ್ಲಿ ಆ ಪದ ಹುಪೊಕ್ರಿಸಿಸ್. ನಾಟಕದಲ್ಲಿ ಪಾತ್ರ ಮಾಡುವುದಕ್ಕೂ ಅದೇ ಪದ. ನಂಬಿದ್ದು ಒಂದು, ಬಂದವರ ಮುಂದೆ ಆಡಿದ್ದು ಇನ್ನೊಂದು.

ಇದನ್ನು ಮೆತ್ತಗೆ ಮಾಡುವ ಆಸೆ ಹಳೆಯದು. ಪೇತ್ರ, ಪೌಲ ಇಬ್ಬರೂ ಜನರ ಒಳ್ಳೇದಕ್ಕೆ ಬೇಕಂತಲೇ ಹಾಗೆ ನಡೆದುಕೊಂಡರು ಅಂತ 4ನೇ ಶತಮಾನದ ಕೊನೆಗೆ ಸತ್ಯವೇದ ಪಂಡಿತ ಜೆರೋಮ್ ಬರೆದ. ಹಾಗಾದರೆ ಪೌಲ ಸುಳ್ಳು ಬರೆದ ಹಾಗಾಯಿತು ಅಲ್ವಾ ಅನ್ನೋದು ಅದೇ ಕಾಲದ ಬಿಷಪ್ ಅಗಸ್ಟೀನನ ತಕರಾರು. ನಾನು ಅಗಸ್ಟೀನನ ಕಡೆ.

13ನೇ ವಚನದಲ್ಲಿ ನನ್ನ ಗಂಟಲು ಕಟ್ಟಿತು. ತನ್ನ ಜೊತೆಗಾರ ಬಾರ್ನಬನೂ ಅವರ ಹಿಂದೆ ಹೋದ ಅಂತ ಪೌಲ ಬರೆಯುತ್ತಾನೆ. ತಾರ್ಸ ಊರಿನಿಂದ ಹುಡುಕಿ ಪೌಲನನ್ನು ಅಂತಿಯೋಕ್ಯಕ್ಕೆ ಕರೆತಂದದ್ದೇ ಬಾರ್ನಬ.

ಹಿಂದಿನ ವರ್ಷ ಒಂದು ಮದುವೆ ಊಟ. ನಮ್ಮ ಸಭೆಯ ಹಿರಿಯರೊಬ್ಬರೂ ನಾನೂ ಒಂದು ದಲಿತ ಕುಟುಂಬದ ಪಕ್ಕ ಕೂತಿದ್ದೆವು. ಹಿರಿಯರ ಊರಿನ ನೆಂಟರು ಒಳಗೆ ಬಂದರು. ಹಿರಿಯರು ಥಟ್ಟನೆ ಎದ್ದು, "ಬಾರಪ್ಪ, ಆ ಕಡೆ ಕೂತ್ಕೊಳ್ಳೋಣ" ಅಂದರು. ನಾನೂ ಎದ್ದೆ. ಎಲೆಯಲ್ಲಿ ಕಲಸಿದ ಅನ್ನ ಹಾಗೇ ಇತ್ತು. ಪಕ್ಕದಲ್ಲಿದ್ದ ಹುಡುಗ ಆ ಎಲೆಯನ್ನೂ ನನ್ನನ್ನೂ ನೋಡಿದ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ನಾವೆಲ್ಲ ಕುಡಿಯುವುದು ಒಂದೇ ಬಟ್ಟಲಿನಿಂದ.

ಪೌಲ ಎಲ್ಲರ ಮುಂದೆ ಕೇಳಿದ, ಯಾಕಂದರೆ ತಪ್ಪು ನಡೆದದ್ದೂ ಎಲ್ಲರ ಮುಂದೆ. ನಾನು ನಿಂತಿದ್ದು ಬಾರ್ನಬನ ಜಾಗದಲ್ಲಿ. ಹಾಗಾಗಿ ಅವತ್ತು ತರಗತಿಯಲ್ಲಿ ಎಲೆ ಬಿಟ್ಟು ಎದ್ದ ನನ್ನ ತಪ್ಪನ್ನು ಮಾತ್ರ ಹೇಳಿದೆ. ಆ ಕುಟುಂಬ ಅಲ್ಲೇ ಇತ್ತು, ಕ್ಷಮೆ ಕೇಳಿದೆ. ಮರುದಿನ ಹಿರಿಯರ ಮನೆಗೆ ಹೋದೆ. "ಅಣ್ಣಾ, ಅವತ್ತು ನಾವಿಬ್ಬರೂ ಎದ್ದದ್ದು ತಪ್ಪು" ಅಂದೆ. ಅವರು ಬಹಳ ಹೊತ್ತು ಸುಮ್ನಿದ್ದು, "ನೆಂಟರು ಏನಂದ್ಕೊಳ್ತಾರೋ ಅಂತ ಭಯ ಆಯ್ತು" ಅಂದರು. ಪೇತ್ರನೂ ಬಂದವರಿಗೆ ಹೆದರಿದ ಅಂತಲೇ ಪೌಲ ಬರೆದಿದ್ದಾನೆ.

ಪೇತ್ರ ಏನು ಉತ್ತರ ಕೊಟ್ಟ ಅನ್ನೋದು ಆ ಪತ್ರದಲ್ಲಿಲ್ಲ. ಹಿರಿಯರೂ ಮುಂದೆ ಮಾತಾಡಲಿಲ್ಲ. ಕ್ರಿಸ್‌ಮಸ್ ಊಟಕ್ಕೆ ನಾನು ಆ ಹುಡುಗನ ಪಕ್ಕ ಜಾಗ ಕೇಳಿ ಕೂತೆ. ಮಜ್ಜಿಗೆ ಬಡಿಸಿ ಮುಗಿಯುವವರೆಗೂ ಅಲ್ಲೇ ಇದ್ದೆ.